ಕೇಸ್‌ಶೀಟು ಓದುವ ಕಣ್ಣು ಯಾರ ಸೊತ್ತು?

ಅಮೆರಿಕದಲ್ಲಿ ಲೀಗಲ್ ನರ್ಸ್ ಕನ್ಸಲ್ಟೆಂಟ್ ಅಂತ ಒಂದು ಕಸುಬು ಇದೆ. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ನರ್ಸು, ವಕೀಲರ ಆಫೀಸಿನಲ್ಲಿ ಕೂತು ಆಸ್ಪತ್ರೆಯ ಕಾಗದಗಳನ್ನು ಓದಿ ಅರ್ಥ ಹೇಳುವ ಕಸುಬು. 1989ರಲ್ಲಿ ಇವರದೇ ಒಂದು ಸಂಘ ಹುಟ್ಟಿತು. ಆಮೇಲೆ ಪರೀಕ್ಷೆ ಬಂತು, ಸರ್ಟಿಫಿಕೇಟು ಬಂತು. ಆ ಸರ್ಟಿಫಿಕೇಟು ಬೇಕೆಂದರೆ ಕನಿಷ್ಠ 5 ವರ್ಷ ನರ್ಸಾಗಿ ದುಡಿದಿರಬೇಕು, ಜೊತೆಗೆ ಹಿಂದಿನ 5 ವರ್ಷದಲ್ಲಿ ಈ ಕಾಗದ ಓದುವ ಕೆಲಸವನ್ನೇ 2000 ಗಂಟೆ ಮಾಡಿರಬೇಕು.

ಇದನ್ನು ಹೇಳಿದರೆ ನಮ್ಮ ಸಂಘಟನೆಯ ಕೆಲವು ಗೆಳೆಯರು ಮೂಗು ಮುರಿಯುತ್ತಾರೆ. ದುಡ್ಡಿದ್ದ ದೇಶದ ದುಡ್ಡಿನಾಟ, ಅದನ್ನು ಕಟ್ಟಿಕೊಂಡು ನಮಗೇನು ಅಂತಾರೆ. ಇನ್ನು ಕೆಲವರು ಬಾಯಿ ಬಿಟ್ಟು ಕೇಳುತ್ತಾರೆ. ಆಹಾ, ಅಲ್ಲಿ ಎಂಥಾ ನ್ಯಾಯ, ಬಡವನಿಗೂ ಕಾಗದ ಓದಿ ಹೇಳೋರು ಇದ್ದಾರೆ ಅಂತ. ಇಬ್ಬರೂ ತಪ್ಪು ತಿಳಿದಿದ್ದಾರೆ. ಆ ಕಸುಬಿನೊಳಗೆ ಇರುವ ವಿದ್ಯೆ ನಮಗೆ ಬೇಕೇ ಬೇಕಾದ ವಿದ್ಯೆ. ಆದರೆ ಅಲ್ಲಿ ಆ ವಿದ್ಯೆಗೆ ಯಜಮಾನ ಯಾರು ಅಂತ ಕೇಳಿದರೆ ಬಾಯಿ ಬಿಟ್ಟವರ ಬಾಯಿ ಮುಚ್ಚುತ್ತದೆ.

ಮೊದಲು ಕಾಗದದ ಸಂಗತಿ ನೋಡೋಣ. ಒಬ್ಬ ಮನುಷ್ಯ ಹತ್ತು ದಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿ ಎದ್ದರೆ ಅಥವಾ ಏಳದೇ ಹೋದರೆ, ಅವನ ಹಿಂದೆ ಒಂದು ಕಾಗದದ ಕಟ್ಟು ಬೆಳೆದಿರುತ್ತದೆ. ಸೇರಿಸಿಕೊಂಡಾಗಿನ ಟಿಪ್ಪಣಿ, ಡಾಕ್ಟರ ಆರ್ಡರು, ನರ್ಸುಗಳ ಟಿಪ್ಪಣಿ, ಯಾವ ಔಷಧ ಎಷ್ಟು ಹೊತ್ತಿಗೆ ಯಾರ ಕೈಯಿಂದ ಹೋಯಿತು ಅನ್ನುವ ಪಟ್ಟಿ, ನಾಡಿ ಬಿ.ಪಿ. ಜ್ವರದ ಚಾರ್ಟು, ಕುಡಿದ ನೀರು ಹೋದ ಮೂತ್ರದ ಲೆಕ್ಕ, ರಕ್ತಪರೀಕ್ಷೆ, ಎಕ್ಸ್‌ರೇ, ಒಪ್ಪಿಗೆ ಪತ್ರ, ಆಪರೇಷನ್ ಟಿಪ್ಪಣಿ, ಅರಿವಳಿಕೆ ಕೊಟ್ಟವರ ಹಾಳೆ, ಬಿಲ್ಲು, ಕೊನೆಗೆ ಡಿಸ್ಚಾರ್ಜ್ ಸಮ್ಮರಿ. ರೋಗಿಯ ಕೈಗೆ ಕೊಟ್ಟು ಕಳಿಸುವುದು ಈ ಕೊನೆಯದನ್ನು ಮಾತ್ರ. ಅದು ಆಸ್ಪತ್ರೆ ತನ್ನ ಬಗ್ಗೆ ತಾನೇ ಬರಕೊಂಡ ಎರಡು ಪುಟದ ಕತೆ. ನಿಜವಾದ ಕತೆ ಒಳಗಿನ ಕಟ್ಟಿನಲ್ಲಿರುತ್ತದೆ.

ವಕೀಲನಿಗೆ ಈ ಕಟ್ಟು ಕೊಟ್ಟರೆ ಅವನು ಕಣ್ಣು ಬಿಡುತ್ತಾನೆ. ಅವನಿಗೆ ಕಾಯಿದೆ ಗೊತ್ತು, ಸಂಕ್ಷಿಪ್ತಾಕ್ಷರದ ಆ ಗೀಚು ಗೊತ್ತಿಲ್ಲ. ಅಲ್ಲಿ ನರ್ಸು ಬರುತ್ತಾಳೆ. ಅವಳು ಮೊದಲು ಮಾಡುವುದು ಬಹಳ ಸಾದಾ ಕೆಲಸ. ಎಲ್ಲ ಹಾಳೆಗಳನ್ನೂ ದಿನ, ಗಂಟೆ, ನಿಮಿಷದ ಪ್ರಕಾರ ಜೋಡಿಸುತ್ತಾಳೆ. ಬೇರೆ ಬೇರೆ ಕೈಗಳು ಬೇರೆ ಬೇರೆ ಕಡೆ ಕೂತು ಬರೆದದ್ದೆಲ್ಲ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ. ಆಗ ಸುಳ್ಳು ತಾನಾಗಿಯೇ ಎದ್ದು ಕಾಣುತ್ತದೆ. ಉದಾಹರಣೆಗೆ, ಡಾಕ್ಟರ ಟಿಪ್ಪಣಿಯಲ್ಲಿ ಬೆಳಿಗ್ಗೆ 4 ಗಂಟೆಗೆ 'ರೋಗಿ ಆರಾಮ' ಅಂತ ಇರುತ್ತದೆ. ಅದೇ 4 ಗಂಟೆಗೆ ಚಾರ್ಟಿನಲ್ಲಿ ನಾಡಿ 130, ಬಿ.ಪಿ. ನೆಲ ಕಚ್ಚಿದೆ. ಯಾವುದು ನಿಜ? ಇಂಜೆಕ್ಷನ್ ಕೊಟ್ಟೆವು ಅಂತ ಆರ್ಡರಿನಲ್ಲಿದೆ, ಕೊಟ್ಟ ಪಟ್ಟಿಯಲ್ಲಿ ಗುರುತಿಲ್ಲ, ಆದರೆ ಬಿಲ್ಲಿನಲ್ಲಿ ಮಾತ್ರ ದುಡ್ಡು ಬಿದ್ದಿದೆ. ಬಿಲ್ಲು ಬರೆಯುವವನಿಗೆ ವಾರ್ಡಿನ ಗುಟ್ಟು ಗೊತ್ತಿರುವುದಿಲ್ಲ ನೋಡಿ, ಅವನು ಎಷ್ಟೋ ಸಲ ನಿಜವನ್ನೇ ಬರೆದಿರುತ್ತಾನೆ.

ಇರುವುದನ್ನು ಓದುವುದು ಅರ್ಧ ಕೆಲಸ. ಇಲ್ಲದ್ದನ್ನು ಓದುವುದು ಉಳಿದರ್ಧ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಂದು ಗೆರೆಯೂ ಇಲ್ಲವೆಂದರೆ ಯಾಕಿಲ್ಲ? ಯಾರೂ ಬಂದು ನೋಡಲಿಲ್ಲವೋ, ನೋಡಿ ಬರೆದ ಹಾಳೆಯನ್ನು ಆಮೇಲೆ ಕಿತ್ತರೋ? ಬರೆದಿಲ್ಲವಾದರೆ ಮಾಡಿಲ್ಲ ಅಂತ ಅಲ್ಲಿನ ನರ್ಸುಗಳಿಗೆ ಓದುವ ಕಾಲದಲ್ಲೇ ಕಲಿಸುತ್ತಾರೆ. ದಾಖಲೆ ಕಂಪ್ಯೂಟರಿಗೆ ಹೋದ ಮೇಲೆ ಇನ್ನೊಂದು ಸಾಕ್ಷಿ ಸಿಕ್ಕಿದೆ. ಯಾರು ಯಾವ ನಿಮಿಷದಲ್ಲಿ ಆ ಪುಟ ತೆರೆದರು, ಏನು ಬರೆದರು, ಏನು ತಿದ್ದಿದರು ಅನ್ನುವುದನ್ನು ಯಂತ್ರ ಒಳಗೊಳಗೇ ಗುರುತು ಮಾಡಿಕೊಳ್ಳುತ್ತದೆ. ರೋಗಿ ಸತ್ತ ಮಾರನೇ ದಿನ ಯಾರೋ ಕೂತು ಹಿಂದಿನ ದಿನದ ಟಿಪ್ಪಣಿಗೆ ಎರಡು ಸಾಲು ಸೇರಿಸಿದರೆ ಅದೂ ಸಿಕ್ಕಿಬೀಳುತ್ತದೆ. ಯಾವ ಕಾಗದ ಕೇಳಬೇಕು ಅಂತ ಗೊತ್ತಿರುವವರಿಗೆ ಮಾತ್ರ ಸಿಕ್ಕಿಬೀಳುತ್ತದೆ ಅನ್ನಿ.

ಆಮೇಲೆ ಅವಳು ವಕೀಲನಿಗೆ ಮೊಕದ್ದಮೆಗೆ ಜೀವ ಇದೆಯೇ ಇಲ್ಲವೇ ಹೇಳುತ್ತಾಳೆ. ತಪ್ಪು ನಡೆದಿದ್ದರಷ್ಟೇ ಸಾಲದು. ಆ ತಪ್ಪಿನಿಂದಲೇ ಕೇಡಾಯಿತು ಅಂತಲೂ ತೋರಿಸಬೇಕು. ಡಾಕ್ಟರು ತಪ್ಪು ಮಾಡಿದ್ದರೂ ರೋಗಿ ಬೇರೆ ಕಾರಣಕ್ಕೆ ಸತ್ತಿದ್ದರೆ ಕೇಸು ನಿಲ್ಲುವುದಿಲ್ಲ. ಹಾಗೆಯೇ, ಯಾರೂ ತಪ್ಪು ಮಾಡದೆಯೂ ಜನ ಸಾಯುತ್ತಾರೆ. ಪ್ರಾಮಾಣಿಕ ನರ್ಸು ಅದನ್ನೂ ಹೇಳುತ್ತಾಳೆ. ಯಾವ ಡಾಕ್ಟರನ್ನು ತಜ್ಞ ಸಾಕ್ಷಿಯಾಗಿ ಕರೀಬೇಕು, ಎದುರು ಪಕ್ಷದ ಡಾಕ್ಟರಿಗೆ ಯಾವ ಪ್ರಶ್ನೆ ಕೇಳಬೇಕು, ಎಲ್ಲ ಅವಳೇ ಬರೆದುಕೊಡುತ್ತಾಳೆ. ಕೋರ್ಟಿನಲ್ಲಿ ಎದ್ದು ನಿಂತು ಗುಡುಗುವುದು ವಕೀಲ. ಗುಡುಗಿನ ಹಿಂದಿನ ಮೋಡ ಈ ನರ್ಸಮ್ಮ.

ಯಾಕೆ ನರ್ಸು? ಡಾಕ್ಟರು ಯಾಕಲ್ಲ? ಇಲ್ಲೇ ಇದೆ ನೋಡಿ ತಮಾಷೆ. ಆಸ್ಪತ್ರೆಯ ಏಣಿಯಲ್ಲಿ ಡಾಕ್ಟರು ಮೇಲೆ, ನರ್ಸು ಕೆಳಗೆ. ಆದರೆ ಡಾಕ್ಟರು ಮಂಚದ ಹತ್ತಿರ ಐದು ನಿಮಿಷ ನಿಂತು ಹೋಗುತ್ತಾರೆ. ರಾತ್ರಿಯೆಲ್ಲ ಎಚ್ಚರ ಇರುವವಳು, ಮಲ ಮೂತ್ರ ಅಳೆಯುವವಳು, ನರಳಿಕೆ ಕೇಳುವವಳು, ಅದನ್ನು ಬರೆದಿಡುವವಳು ನರ್ಸು. ಆ ಕಟ್ಟಿನಲ್ಲಿ ಹೆಚ್ಚಿನ ಅಕ್ಷರಗಳು ಅವಳವು. ಮೇಲಿನವರ ಸತ್ಯ ಕೆಳಗಿನವರಿಗೇ ಹೆಚ್ಚು ಗೊತ್ತಿರುತ್ತದೆ ಅನ್ನುವುದನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಗೌಡರ ಮನೆಯ ಹಿತ್ತಿಲ ಸಂಗತಿ ಗೌಡರಿಗಿಂತ ಆ ಹಿತ್ತಿಲು ಗುಡಿಸುವವಳಿಗೇ ಚೆನ್ನಾಗಿ ಗೊತ್ತು.

1960ರಲ್ಲಿ ಇಲಿನಾಯ್ ರಾಜ್ಯದ ಚಾರ್ಲ್‌ಸ್ಟನ್ ಎಂಬ ಊರಲ್ಲಿ 18 ವರ್ಷದ ಒಬ್ಬ ವಿದ್ಯಾರ್ಥಿ ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡ. ಡಾಕ್ಟರು ಪ್ಲಾಸ್ಟರ್ ಹಾಕಿದರು. ಹಾಕಿದ ಸ್ವಲ್ಪ ಹೊತ್ತಿಗೇ ನೋವು. ಬೆರಳುಗಳು ಊದಿದವು, ಕಪ್ಪಾದವು, ತಣ್ಣಗಾದವು, ಕೊನೆಗೆ ಮುಟ್ಟಿದರೆ ಗೊತ್ತಾಗದಂತಾದವು. ಡಾಕ್ಟರು ಒಂದು ದಿನ ಒಂದಿಷ್ಟು ಪ್ಲಾಸ್ಟರ್ ಕತ್ತರಿಸಿದರು, ಮರುದಿನ ಇನ್ನೊಂದಿಷ್ಟು. ಮೂರನೇ ದಿನ ಗರಗಸದಲ್ಲಿ ಸೀಳುವಾಗ ಎರಡೂ ಕಡೆ ಕಾಲೇ ಕೊಯ್ದುಹೋಯಿತು. ಕೋಣೆಯಲ್ಲಿ ನಾತ ಎದ್ದಿತ್ತು. ಆದರೂ ಹುಡುಗನನ್ನು ಎರಡು ವಾರ ಅಲ್ಲೇ ಇಟ್ಟುಕೊಂಡರು. ಆಮೇಲೆ ಸೇಂಟ್ ಲೂಯಿಯ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಕಾಲು ಉಳಿಯಲಿಲ್ಲ, ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. 1965ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಡಾಕ್ಟರು ಮಾಡಿದ್ದಕ್ಕೆ ನಾವು ಹೊಣೆಯಲ್ಲ, ನಾವು ಬರೀ ಮಂಚ ಕೊಟ್ಟವರು ಅನ್ನುವ ಆಸ್ಪತ್ರೆಯ ವಾದ ನಡೆಯಲಿಲ್ಲ. ರಕ್ತ ಓಡಾಡುತ್ತಿದೆಯೇ ಅಂತ ಗಂಟೆಗಂಟೆಗೂ ನೋಡಬೇಕಾದವರು ನರ್ಸುಗಳು, ಡಾಕ್ಟರು ಕಿವಿಗೊಡದಿದ್ದರೆ ಆಡಳಿತದವರಿಗೆ ಹೇಳಬೇಕಾದವರೂ ಅವರು ಅನ್ನುವ ನಿಲುವು ಗಟ್ಟಿಯಾಯಿತು.

ಆ ಹುಡುಗನ ಬೆರಳ ಬಣ್ಣ ಯಾವ ದಿನ ಯಾವ ಹೊತ್ತಿಗೆ ಏನಿತ್ತು ಅನ್ನುವುದೇ ಇಡೀ ಮೊಕದ್ದಮೆಯ ಹುರುಳು. ಅಲ್ಲಿಂದ ಮುಂದೆ ಕೇಸ್‌ಶೀಟಿನ ಬೆಲೆ ಏರಿತು. ಬೆಲೆ ಏರಿದ್ದರ ಹಿಂದೆಯೇ ಕೊಳ್ಳುವವರು ಬಂದರು.

ಬಾಯಿ ಬಿಟ್ಟು ಕೇಳುವ ಗೆಳೆಯರು ಈಗ ಕಿವಿಗೊಡಬೇಕು. ಈ ನರ್ಸು ಬರೀ ಕಾಲು ಕಳಕೊಂಡವನ ಪರ ಕೂತಿಲ್ಲ. ಆಸ್ಪತ್ರೆಯ ಪರ, ಡಾಕ್ಟರ ಪರ, ವಿಮೆ ಕಂಪನಿಯ ಪರವೂ ಇದೇ ಕಸುಬಿನವರು ಕೂತಿದ್ದಾರೆ. ಅದೇ ಕಣ್ಣು, ಅದೇ ಜಾಣತನ, ಸಂಬಳ ಕೊಡುವ ಕೈ ಬೇರೆ. ಅಲ್ಲಿ ಕೂತವಳ ಕೆಲಸ, ರೋಗಿ ಮೊದಲೇ ಕುಡುಕನಾಗಿದ್ದನೋ, ಹಳೇ ಕಾಯಿಲೆ ಏನಿತ್ತು, ಮಾತ್ರೆ ನುಂಗದೆ ಬಿಟ್ಟಿದ್ದನೋ ಅಂತ ಅವನ ಹತ್ತು ವರ್ಷದ ಹಳೇ ಕಾಗದ ಕೆದಕುವುದು. ಓದುವ ವಿದ್ಯೆಗೆ ಪಕ್ಷ ಇಲ್ಲ ಅನ್ನುತ್ತಾರೆ. ಪಕ್ಷ ಇಲ್ಲದ ವಿದ್ಯೆ ದುಡ್ಡಿನ ಪಕ್ಷಕ್ಕೇ ಹೋಗಿ ನಿಲ್ಲುತ್ತದೆ.

ರೋಗಿಯ ಪರ ಇರುವ ವಕೀಲನಾದರೂ ಯಾರ ಕೇಸು ಹಿಡಿಯುತ್ತಾನೆ? ಅಲ್ಲಿ ಇಂಥ ಕೇಸುಗಳಲ್ಲಿ ಬಡವ ಮುಂಗಡ ಫೀಸು ಕೊಡಬೇಕಾಗಿಲ್ಲ. ಗೆದ್ದರೆ ಬಂದ ದುಡ್ಡಿನಲ್ಲಿ ಮೂರನೇ ಒಂದು ಭಾಗವೋ ಇನ್ನೂ ಹೆಚ್ಚೋ ವಕೀಲನಿಗೆ. ಕೇಳಲು ಚೆಂದ. ಆದರೆ ನರ್ಸಿಗೆ, ತಜ್ಞ ಡಾಕ್ಟರಿಗೆ, ಕಾಗದಕ್ಕೆ ಆಗುವ ಖರ್ಚು ವಕೀಲನೇ ಮೊದಲು ಹಾಕಬೇಕು. ಹಾಕಿದ್ದು ಬಡ್ಡಿ ಸಮೇತ ವಾಪಸು ಬರುವ ಕೇಸು ಮಾತ್ರ ಅವನಿಗೆ ಬೇಕು. ಕ್ಯಾಲಿಫೋರ್ನಿಯಾ ರಾಜ್ಯ 1975ರಲ್ಲಿ ಒಂದು ಕಾಯಿದೆ ತಂದು, ನೋವು ಸಂಕಟಕ್ಕೆ ಕೊಡುವ ಪರಿಹಾರ 2,50,000 ಡಾಲರ್ ದಾಟಬಾರದು ಅಂತ ಮಿತಿ ಹಾಕಿತು. ಹೋದ ಸಂಬಳಕ್ಕೆ ಮಿತಿ ಇಲ್ಲ, ಹೋದ ಸುಖಕ್ಕೆ ಮಿತಿ! 47 ವರ್ಷ ಆ ಅಂಕಿ ಒಂದು ಕಾಸೂ ಮೇಲೇರಲಿಲ್ಲ. 2022ರಲ್ಲಿ ತಿದ್ದಿದರು, 2023ರಿಂದ ವರ್ಷವರ್ಷ ಸ್ವಲ್ಪ ಸ್ವಲ್ಪ ಏರಿಸುವ ಹೊಸ ಲೆಕ್ಕ ಬಂತು. ಟೆಕ್ಸಾಸ್ 2003ರಲ್ಲಿ ಇಂಥದೇ ಮಿತಿ ತಂದಿತು. ಇದರ ಅರ್ಥ ಬಿಡಿಸಿ ನೋಡಿ. ಕಂಪನಿಯ ಮ್ಯಾನೇಜರ್ ಸತ್ತರೆ ಅವನ ಮುಂದಿನ ಮೂವತ್ತು ವರ್ಷದ ಸಂಬಳದ ಲೆಕ್ಕ ಹಾಕಬಹುದು. ಸಂಬಳವೇ ಇಲ್ಲದ ಮುದುಕಿ ಸತ್ತರೆ? ಹಸುಗೂಸು ಸತ್ತರೆ? ಮನೆಯಲ್ಲೇ ದುಡಿಯುವ ಹೆಂಗಸು ಸತ್ತರೆ? ಅಲ್ಲಿ ಬರೀ ಸಂಕಟ ಇದೆ, ಸಂಕಟಕ್ಕೆ ಮಿತಿ ಇದೆ. ಅವರ ಕಾಗದದ ಕಟ್ಟು ವಕೀಲನ ಮೇಜಿನವರೆಗೆ ಬಂದರೂ ನರ್ಸಿನ ಮೇಜಿಗೆ ಹೋಗುವುದು ಅಪರೂಪ.

ಬಡವರು ಸುಮ್ಮಸುಮ್ಮನೆ ಕೇಸು ಹಾಕಿ ಡಾಕ್ಟರನ್ನು ಸುಲಿಯುತ್ತಾರೆ ಅನ್ನುವ ಅಳಲು ಆ ದೇಶದಲ್ಲೂ ಇದೆ, ನಮ್ಮಲ್ಲೂ ಇದೆ. ಹಾರ್ವರ್ಡ್‌ನವರು ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಗಳ 1984ನೇ ಇಸವಿಯ 30 ಸಾವಿರಕ್ಕೂ ಹೆಚ್ಚು ಕೇಸ್‌ಶೀಟುಗಳನ್ನು ತೆರೆದು ನೋಡಿದರು. ಮೊದಲ ಸುತ್ತಿನಲ್ಲಿ ಆ ಕಾಗದ ಜಾಲಾಡಿದವರಲ್ಲಿ ನರ್ಸುಗಳೂ ಇದ್ದರು, ಇದು ನೆನಪಿರಲಿ. 1991ರಲ್ಲಿ ಬಂದ ಫಲಿತಾಂಶ ಏನು? ನಿರ್ಲಕ್ಷ್ಯದಿಂದ ಆದ ಕೇಡುಗಳ ಸಂಖ್ಯೆ, ಹಾಕಿದ ಕೇಸುಗಳ ಸಂಖ್ಯೆಗಿಂತ ಸುಮಾರು ಏಳೆಂಟು ಪಟ್ಟು ಹೆಚ್ಚು. 1993ರಲ್ಲಿ ಅದೇ ಕಾಗದಗಳಿಂದ ಇನ್ನೊಂದು ಸಂಗತಿ ಹೊರಬಿತ್ತು. ಬಡವರು, ವಿಮೆ ಇಲ್ಲದವರು ಕೇಸು ಹಾಕುವುದು ಉಳಿದವರಿಗಿಂತ ಕಡಿಮೆ. ಸುಲಿಯುತ್ತಾರಂತೆ!

ಇನ್ನು ಕಾಗದವನ್ನೇ ಹಿಡಿದು ನೋಡೋಣ. ಕಾಗದ ಸುಳ್ಳು ಹೇಳೋದಿಲ್ಲ ಅಂತಾರೆ. ಯಾರ ಕೈ ಬರೆಯಿತು ಅನ್ನುವುದರ ಮೇಲೆ ಅದು ನಿಂತಿದೆ. ಷಿಕಾಗೋದ ಒಂದು ದೊಡ್ಡಾಸ್ಪತ್ರೆಯ 18,459 ರೋಗಿಗಳ ದಾಖಲೆ ನೋಡಿ 2022ರಲ್ಲಿ ಒಂದು ಅಧ್ಯಯನ ಅಚ್ಚಾಯಿತು. 'ಹೇಳಿದ್ದು ಕೇಳುವುದಿಲ್ಲ', 'ಸಿಟ್ಟಿನ ಸ್ವಭಾವ', 'ಔಷಧ ಬೇಡವೆಂದರು', ಈ ಥರದ ಕೆಟ್ಟ ಮಾತು ಕರಿಯರ ದಾಖಲೆಯಲ್ಲಿ ಬೀಳುವ ಸಾಧ್ಯತೆ ಬಿಳಿಯರಿಗಿಂತ 2.54 ಪಟ್ಟು. ಅಂದರೆ ರೋಗಿ ಬಾಯಿ ತೆರೆಯುವ ಮೊದಲೇ ಅವಳ ಬಗ್ಗೆ ಒಂದು ತೀರ್ಪು ಕೇಸ್‌ಶೀಟಿನಲ್ಲಿ ಕೂತಿರುತ್ತದೆ. ಮುಂದಿನ ಡಾಕ್ಟರು ಅದನ್ನೇ ಓದುತ್ತಾನೆ. ನಾಳೆ ಕೋರ್ಟಿನಲ್ಲಿ ಎದುರು ಪಕ್ಷದ ನರ್ಸು ಅದೇ ಸಾಲಿಗೆ ಬಣ್ಣದ ಗೆರೆ ಎಳೆಯುತ್ತಾಳೆ. ರೋಗಿಯೇ ಮಾತು ಕೇಳಲಿಲ್ಲ, ನಮ್ಮ ತಪ್ಪೇನು ಸ್ವಾಮಿ!

ಪರಿಹಾರದ ಲೆಕ್ಕದಲ್ಲೂ ಹುಟ್ಟು ನುಸುಳುತ್ತದೆ. 2015ರಲ್ಲಿ ಬ್ರೂಕ್ಲಿನ್‌ನ ಕೋರ್ಟಿನಲ್ಲಿ, ಮನೆಯ ಬಣ್ಣದ ಸೀಸದಿಂದ ಮಿದುಳು ಕೆಟ್ಟ ಒಂದು ಮಗುವಿನ ಕೇಸು ನಡೆಯಿತು. ಮಗು ಹಿಸ್ಪಾನಿಕ್, ಆ ಜನರಲ್ಲಿ ದೊಡ್ಡ ಓದು ಓದುವವರು ಕಡಿಮೆ, ಆದ್ದರಿಂದ ನಷ್ಟವೂ ಕಡಿಮೆ ಅಂತ ಮನೆ ಮಾಲೀಕನ ಕಡೆಯವರು ವಾದಿಸಿದರು. ನ್ಯಾಯಾಧೀಶ ಜ್ಯಾಕ್ ವೈನ್‌ಸ್ಟೀನ್ ಆ ಲೆಕ್ಕವನ್ನು ಒಳಗೆ ಬಿಡಲಿಲ್ಲ. ಕ್ಯಾಲಿಫೋರ್ನಿಯಾ 2019ರಲ್ಲಿ ಇದನ್ನು ತಡೆಯಲು ಕಾಯಿದೆಯನ್ನೇ ಮಾಡಬೇಕಾಯಿತು. ಇವನ ಮಗ ಓದಿ ಏನು ಮಾಡಬೇಕಿತ್ತು ಅನ್ನುವ ಮಾತು ನಮ್ಮ ಊರಿನ ಜಗುಲಿಯಲ್ಲಿ ಮಾತ್ರ ಹುಟ್ಟುವುದಿಲ್ಲ, ಸೂಟು ಬೂಟು ಹಾಕಿಕೊಂಡು ಅಂಕಿ ಅಂಶ ಹಿಡಿದೂ ಬರುತ್ತದೆ.

ನರ್ಸಿನ ಕಣ್ಣಿಗೆ ವಕೀಲನ ಆಫೀಸಿನಲ್ಲಿ ಮರ್ಯಾದೆ, ಗಂಟೆಗಿಷ್ಟು ದುಡ್ಡು. ಅದೇ ಕಣ್ಣು ಆಸ್ಪತ್ರೆಯೊಳಗೇ ಇದ್ದು ಮಾತಾಡಿದರೆ? ಟೆಕ್ಸಾಸ್‌ನ ವಿಂಕ್ಲರ್ ಕೌಂಟಿಯ ಸಣ್ಣ ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದ ಇಬ್ಬರು ನರ್ಸುಗಳು 2009ರಲ್ಲಿ ಒಬ್ಬ ಡಾಕ್ಟರ ಕೆಲಸ ಸರಿಯಿಲ್ಲ ಅಂತ ರಾಜ್ಯದ ವೈದ್ಯಕೀಯ ಮಂಡಳಿಗೆ ಹೆಸರು ಹಾಕದೆ ಪತ್ರ ಬರೆದರು. ಯಾವ ಯಾವ ಕೇಸು ನೋಡಬೇಕು ಅಂತ ರೋಗಿಗಳ ದಾಖಲೆ ನಂಬರು ಕೊಟ್ಟರು. ಅಲ್ಲಿನ ಪೊಲೀಸ್ ಮುಖ್ಯಸ್ಥ ಆ ಡಾಕ್ಟರ ಗೆಳೆಯ. ಪತ್ರ ಬರೆದವರು ಯಾರು ಅಂತ ಹುಡುಕಿ ಹಿಡಿದ. ಕೆಲಸ ಹೋಯಿತು. ದಾಖಲೆ ನಂಬರು ಹೊರಗೆ ಕೊಟ್ಟದ್ದು ಸರ್ಕಾರಿ ಮಾಹಿತಿಯ ದುರುಪಯೋಗ ಅಂತ ಕ್ರಿಮಿನಲ್ ಕೇಸು, 10 ವರ್ಷದವರೆಗೆ ಜೈಲಾಗಬಹುದಾದ ಕೇಸು. ಒಬ್ಬಾಕೆಯ ಮೇಲಿನ ಕೇಸು ವಿಚಾರಣೆಗೆ ಮೊದಲೇ ಬಿದ್ದುಹೋಯಿತು. ಇನ್ನೊಬ್ಬಾಕೆಯನ್ನು 2010ರಲ್ಲಿ ಜ್ಯೂರಿ ಒಂದು ಗಂಟೆಯೂ ತೆಗೆದುಕೊಳ್ಳದೆ ಬಿಡುಗಡೆ ಮಾಡಿತು. ಮರುವರ್ಷ ಆ ಪೊಲೀಸ್ ಮುಖ್ಯಸ್ಥನಿಗೇ ಶಿಕ್ಷೆಯಾಯಿತು, ಡಾಕ್ಟರೂ ತಪ್ಪೊಪ್ಪಿಕೊಂಡ. ಕೊನೆ ಒಳ್ಳೆಯದಾಯಿತಲ್ಲ ಅಂತ ಸಮಾಧಾನ ಪಡಬೇಡಿ. ಕೇಸ್‌ಶೀಟು ಓದಿ ದುಡ್ಡಿಗೆ ಹೇಳಿದರೆ ಅದು ವೃತ್ತಿ, ರೋಗಿಗೋಸ್ಕರ ಹೇಳಿದರೆ ಅದು ಅಪರಾಧ. ಇಷ್ಟನ್ನು ಆ ಇಬ್ಬರು ಹೆಂಗಸರು ತಮ್ಮ ಮೈಮೇಲೆ ಬರಿಸಿಕೊಂಡು ತೋರಿಸಿದರು.

ಇಲ್ಲಿಂದ ನಮ್ಮ ಕಡೆಗೆ ಬರೋಣ. ದಾರಿ ದೂರವೇನಿಲ್ಲ, ತಂತಿಯೊಳಗೇ ಇದೆ. 1990ರ ದಶಕದ ಕೊನೆಯಿಂದ ಬೆಂಗಳೂರಿನ ಹುಡುಗ ಹುಡುಗಿಯರು ಅಮೆರಿಕದ ಡಾಕ್ಟರುಗಳ ಮಾತನ್ನು ಕಿವಿಗೆ ಹಚ್ಚಿಕೊಂಡು ಟೈಪು ಮಾಡಿದರು. ಅದರ ಮುಂದಿನ ಮೆಟ್ಟಿಲಾಗಿ, ಅಮೆರಿಕದ ವಕೀಲರ ಕೇಸ್‌ಶೀಟುಗಳನ್ನು ಗಂಟೆಗಂಟೆಯ ಸಾಲಿಗೆ ಜೋಡಿಸಿ ಕೊಡುವ ಕಂಪನಿಗಳು ನಮ್ಮ ದೇಶದಲ್ಲಿ ಎದ್ದಿವೆ. ಅಲ್ಲಿನ ನರ್ಸಿಗೆ ಕೊಡುವುದಕ್ಕಿಂತ ಬಹಳ ಅಗ್ಗಕ್ಕೆ ನಮ್ಮವರು ಓದಿ ಕೊಡುತ್ತಾರೆ. ಈಗೀಗ ಅದನ್ನು ಯಂತ್ರದ ಬುದ್ಧಿಗೂ ಒಪ್ಪಿಸುತ್ತಿದ್ದಾರೆ. ಅಂದಮೇಲೆ ನಮ್ಮ ನಾಡಿನಲ್ಲಿ ಆ ವಿದ್ಯೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಓಹಾಯೋದ ಮುದುಕನ ಬೆನ್ನ ಹುಣ್ಣಿನ ಲೆಕ್ಕ ಇಲ್ಲಿ ಕೂತು ಓದುವ ಕಣ್ಣಿದೆ. ಆಳಂದದ ತಾಂಡಾದ ಹೆಂಗಸಿನ ಚೀಟಿ ಓದುವ ಕಣ್ಣಿಲ್ಲ.

2015ರಲ್ಲಿ ಕಲಬುರಗಿ ಜಿಲ್ಲೆಯ ಖಾಸಗಿ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳ ಗರ್ಭಕೋಶವನ್ನು ಕಾರಣವಿಲ್ಲದೆ ಕಿತ್ತು ತೆಗೆದರು ಅನ್ನುವ ದೂರು ಎದ್ದಿತು. ಹೆಚ್ಚಿನವರು ಲಂಬಾಣಿ ಹೆಂಗಸರು, ದಲಿತ ಕೇರಿಯ ಹೆಂಗಸರು. ಬೀದಿಗೆ ಬಂದರು, ತನಿಖೆಯ ಸಮಿತಿಗಳು ಕೂತವು. ಬಿಹಾರ, ಛತ್ತೀಸಗಢ, ರಾಜಸ್ಥಾನದ್ದೂ ಇದೇ ಕತೆ. ಅಲ್ಲಿನ ಸಂಗತಿ ಸುಪ್ರೀಂ ಕೋರ್ಟಿಗೆ ಹೋಗಿ 2023ರಲ್ಲಿ ತೀರ್ಪು ಬಂತು. ಆ ಹೆಂಗಸರಲ್ಲಿ ಒಬ್ಬಳ ಕಾಗದ ನಮ್ಮ ಮುಂದಿದೆ ಅಂತ ಇಟ್ಟುಕೊಳ್ಳಿ. ಓದು ಬಲ್ಲ ನರ್ಸು ಏನು ಹುಡುಕುತ್ತಾಳೆ? ಮೊದಲು ವಯಸ್ಸು. ಆಮೇಲೆ ಸ್ಕ್ಯಾನಿಂಗ್ ವರದಿ, ಅದರ ತಾರೀಖು ಆಪರೇಷನ್ನಿಗೆ ಮುಂಚಿನದೋ ಆಮೇಲಿನದೋ. ಮಾತ್ರೆ ಔಷಧ ಕೊಟ್ಟು ನೋಡಿದ ಗುರುತು ಇದೆಯೋ, ಅಥವಾ ಬಂದ ದಿನವೇ ಕತ್ತಿಯೋ. ತೆಗೆದ ಗರ್ಭಕೋಶವನ್ನು ಪರೀಕ್ಷೆಗೆ ಕಳಿಸಿದ ವರದಿ ಎಲ್ಲಿ? ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿದೆ? ಹೆಬ್ಬೆಟ್ಟಿನ ಪಕ್ಕ ಓದಿ ಹೇಳಿದವರ ಸಹಿ ಇದೆಯೇ? ಅಂಡಾಶಯವನ್ನೂ ತೆಗೆದರೋ, ತೆಗೆದದ್ದನ್ನು ಅವಳಿಗೆ ಹೇಳಿದರೋ? ಈ ಆರೇಳು ಪ್ರಶ್ನೆ ಕೇಳಲು ದೊಡ್ಡ ಡಿಗ್ರಿ ಬೇಕಿಲ್ಲ. ಕೇಳುವವರು ಬೇಕು.

ನಮ್ಮ ಕಾಯಿದೆ ಏನನ್ನುತ್ತದೆ? 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯರ ಸೇವೆಯೂ ಗ್ರಾಹಕ ಕಾಯಿದೆಯೊಳಗೆ ಬರುತ್ತದೆ ಅಂದಿತು. ಚಪ್ಪಾಳೆ ಬಿತ್ತು. ಆದರೆ ಎಲ್ಲರಿಗೂ ಪುಕ್ಕಟೆ ಕೊಡುವ ಆಸ್ಪತ್ರೆ ಅದರೊಳಗೆ ಬರುವುದಿಲ್ಲ ಅಂತಲೂ ಅಂದಿತು. ದುಡ್ಡು ಕೊಡದವನು ಗ್ರಾಹಕನಲ್ಲ, ಸರಿ, ಮನುಷ್ಯನೂ ಅಲ್ಲವೇ? 2005ರಲ್ಲಿ ಬಂದ ಇನ್ನೊಂದು ತೀರ್ಪಿನ ಪ್ರಕಾರ ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ಹೂಡಲು ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕು. ಒಬ್ಬ ಡಾಕ್ಟರ ತಪ್ಪು ಅಂತ ಇನ್ನೊಬ್ಬ ಡಾಕ್ಟರು ಬರೆದುಕೊಡುತ್ತಾನೆಯೇ? ಪಂಚಾಯ್ತಿಯಲ್ಲಿ ಯಾರ ಮೇಲೆ ದೂರೋ ಅವನ ದಾಯಾದಿಯೇ ತೀರ್ಪುಗಾರ! ರಾತ್ರಿಯೆಲ್ಲ ಪಕ್ಕದಲ್ಲಿದ್ದ ನರ್ಸಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕೇಳುವುದಿಲ್ಲ, ಶಿಕ್ಷೆ ಮಾತ್ರ ಹೆಚ್ಚು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಓದಿ ನೋಡಿ. ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಸಜೆ. ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯನಿಂದ ಆದರೆ 2 ವರ್ಷದವರೆಗೆ. ನರ್ಸು ಆ ವಿನಾಯಿತಿಯೊಳಗಿಲ್ಲ. ಒಂದೇ ಮಂಚ, ಒಂದೇ ಹೆಣ, ಎರಡು ತೂಕ. ಮನುಸ್ಮೃತಿಯನ್ನು ಸುಟ್ಟೆವು ಅಂದುಕೊಂಡಿದ್ದೆವು.

ಆದರೂ ಒಂದು ಬಾಗಿಲು ತೆರೆದಿದೆ, ನಮ್ಮವರು ಅದನ್ನು ತಟ್ಟುವುದೇ ಇಲ್ಲ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಕಾಪಾಡಬೇಕು, ರೋಗಿಯೋ ಅವರು ಒಪ್ಪಿದವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರಲ್ಲಿ ಹೊಸ ನಿಯಮ ತಂದು ಆ ತಿಂಗಳೇ ತಡೆ ಹಿಡಿದರು, ಹಾಗಾಗಿ ಹಳೆಯದೇ ನಡೆಯುತ್ತಿದೆ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕೂ ಇದೆ. ಯಾರಾದರೂ ಸತ್ತರೆ ನಮ್ಮ ಮುಖಂಡರು ಏನು ಮಾಡುತ್ತಾರೆ? ಆಸ್ಪತ್ರೆ ಮುಂದೆ ಹೆಣ ಇಟ್ಟು ಧರಣಿ, ಧಿಕ್ಕಾರ, ಒಂದೆರಡು ಗಾಜು. ಸಂಜೆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಮಾತುಕತೆ, ಒಂದಿಷ್ಟು ದುಡ್ಡು, ಹೆಣ ಊರಿಗೆ. ಕೇಸ್‌ಶೀಟು ಒಳಗೇ ಉಳಿಯುತ್ತದೆ, ಆ ರಾತ್ರಿ ಆರಾಮಾಗಿ ತಿದ್ದಿಸಿಕೊಳ್ಳುತ್ತದೆ. ಧರಣಿ ಬೇಡ ಅನ್ನುತ್ತಿಲ್ಲ. ಧಿಕ್ಕಾರ ಕೂಗುವ ಮೊದಲು ಪ್ರತಿ ಕೇಳಿ ಅನ್ನುತ್ತಿದ್ದೇನೆ.

ಕೊಟ್ಟರೆ ಓದುವವರು ಯಾರು ಅಂತೀರಾ? 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ಪುಕ್ಕಟೆ ವಕೀಲರನ್ನು ಕೊಡಬೇಕು. ಜಿಲ್ಲೆ ಜಿಲ್ಲೆಗೂ ಆ ಪ್ರಾಧಿಕಾರ ಇದೆ. ಆ ವಕೀಲನ ಪಕ್ಕದಲ್ಲಿ ಒಬ್ಬ ನರ್ಸಮ್ಮ ಯಾಕಿರಬಾರದು? ನಿವೃತ್ತರಾದ ಸಿಸ್ಟರುಗಳು ತಾಲ್ಲೂಕು ತಾಲ್ಲೂಕಿನಲ್ಲೂ ಇದ್ದಾರೆ, ಯಾವ ಆಸ್ಪತ್ರೆಯ ಹಂಗೂ ಈಗ ಅವರಿಗಿಲ್ಲ. ಅವರಿಗೆ ಗೌರವಧನ ಕೊಟ್ಟು ಪ್ರಾಧಿಕಾರದ ಪಟ್ಟಿಗೆ ಸೇರಿಸಿ ಅಂತ ನಾವು ಕೇಳಬೇಕು. ಅಮೆರಿಕದ ವಕೀಲ ದುಡ್ಡು ಕೊಟ್ಟು ಕೊಂಡದ್ದನ್ನು ಇಲ್ಲಿ ಸರ್ಕಾರ ಬಡವರಿಗೆ ಹಕ್ಕಾಗಿ ಕೊಡಲಿ. ಕೊಡುವವರೆಗೂ ಸುಮ್ಮನೆ ಕೂರಬೇಕಾಗಿಲ್ಲ. ಒಬ್ಬ ನಿವೃತ್ತ ಸಿಸ್ಟರು, ಲಾ ಕಾಲೇಜಿನ ಒಬ್ಬ ವಿದ್ಯಾರ್ಥಿ, ಇಂಗ್ಲಿಷ್ ಕೈಬರಹ ಬಿಡಿಸಬಲ್ಲ ಒಬ್ಬ ಮೇಷ್ಟ್ರು, ಈ ಮೂವರು ಭಾನುವಾರ ಒಂದು ಶಾಲೆಯ ಕೋಣೆಯಲ್ಲಿ ಕೂತರೆ ಸಾಕು, ಕೆಲಸ ಶುರು ಮಾಡಬಹುದು. ಕೂರುವ ಸಿಸ್ಟರಿಗೆ ಆಸ್ಪತ್ರೆಯವರ ಕಾಟ ಬಂದರೆ ಸಂಘಟನೆ ಅವರ ಹಿಂದೆ ನಿಲ್ಲಬೇಕು. ಟೆಕ್ಸಾಸ್‌ನ ಆ ಇಬ್ಬರ ಗತಿ ಇವರಿಗೆ ಬರಬಾರದು.

ಅರ್ಜಿ ಬರೆಯುವಾಗ 'ದಾಖಲೆ ಕೊಡಿ' ಅಂತಷ್ಟೇ ಬರೆದರೆ ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಪ್ರತಿ ಕೈಗಿಟ್ಟು ಕಳಿಸುತ್ತಾರೆ. ಒಂದೊಂದನ್ನೂ ಹೆಸರಿಟ್ಟು ಕೇಳಬೇಕು: ನರ್ಸುಗಳ ಟಿಪ್ಪಣಿ, ಔಷಧ ಕೊಟ್ಟ ಪಟ್ಟಿ, ನಾಡಿ ಬಿ.ಪಿ. ಚಾರ್ಟು, ಆಪರೇಷನ್ ಟಿಪ್ಪಣಿ, ಅರಿವಳಿಕೆ ಹಾಳೆ, ಒಪ್ಪಿಗೆ ಪತ್ರ, ಲ್ಯಾಬ್ ವರದಿ, ಬಿಡಿ ಬಿಡಿಯಾಗಿ ಬರೆದ ಬಿಲ್ಲು. ಪುಟಗಳಿಗೆ ನಂಬರು ಹಾಕಿ ಸೀಲು ಹೊಡೆದು ಕೊಡಿ ಅಂತಲೂ ಬರೆಯಬೇಕು. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ 2 ವರ್ಷದ ಗಡುವಿದೆ, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ತೆಗೆದುಕೊಂಡವರ ಸಹಿ, ತಾರೀಖು, ಗಂಟೆ ಬರೆಸಿಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಆ 72 ಗಂಟೆಯ ಲೆಕ್ಕಕ್ಕೆ ಆ ರಸೀದಿಯೇ ಆಧಾರ.